ಪ್ರಾಯ ಮೀರಿದ ಬಸಿರು: ಸಹಜ ಹೆರಿಗೆ, ಶಸ್ತ್ರಕ್ರಿಯೆ ಮತ್ತು ನಮ್ಮ ತವಕ್ಕುಲ್

ತಾಯಿಯ ಸಂಕಟವನ್ನು ಪವಿತ್ರ ಕುರ್‌ಆನ್ ಎಲ್ಲಿಯೂ ಮರೆಮಾಚಿಲ್ಲ. ಸೂರಃ ಲುಕ್ಮಾನ್‌ನಲ್ಲಿ (31:14) ಹೆತ್ತವರ ಹಕ್ಕನ್ನು ಹೇಳುವಾಗ, ತಾಯಿ ನಿತ್ರಾಣದ ಮೇಲೆ ನಿತ್ರಾಣ ಸಹಿಸಿ ಮಗುವನ್ನು ಹೊರುತ್ತಾಳೆಂಬುದನ್ನು ಅಲ್ಲಾಹನು ಮೊದಲು ನೆನಪಿಸುತ್ತಾನೆ. ಸೂರಃ ಅಲ್ ಅಹ್ಕಾಫ್‌ನಲ್ಲಿ (46:15) ಹೊರುವುದೂ ಕಷ್ಟ, ಹೆರುವುದೂ ಕಷ್ಟ ಎಂಬ ಮಾತಿದೆ. ಹೆರಿಗೆ ನೋವನ್ನು ತಾಳಲಾರದೆ ಹಝ್ರತ್ ಮರ್ಯಮ್(ಅ) ಖರ್ಜೂರದ ಮರದ ಬುಡಕ್ಕೆ ಬಂದು, ಇದಕ್ಕೆ ಮುಂಚೆಯೇ ಸತ್ತಿದ್ದರೆ ಚೆನ್ನಾಗಿತ್ತೆಂದು ನರಳಿದುದನ್ನು ಕೂಡ ಕುರ್‌ಆನ್ ವಿವರಿಸಿದೆ (19:23-26). ಆ ನರಳಾಟಕ್ಕೆ ಗದರಿಕೆ ಉತ್ತರವಾಗಿ ಬರಲಿಲ್ಲ. ಸಾಂತ್ವನ ಬಂತು, ಕುಡಿಯಲು ನೀರು ಬಂತು, ತಿನ್ನಲು ಹಣ್ಣು ಬಂತು. ಆದರೆ ಹಣ್ಣು ಬೀಳಬೇಕಾದರೆ ಮರವನ್ನು ಅಲುಗಿಸುವಂತೆ ಆ ನಿತ್ರಾಣದ ತಾಯಿಗೇ ಅಪ್ಪಣೆಯಾಯಿತು. ಅನುಗ್ರಹವು ಅಲ್ಲಾಹನದು, ಕೈ ಚಾಚುವ ಕೆಲಸ ದಾಸನದು ಎಂಬ ಪಾಠ ಇದರಲ್ಲಿದೆ. ಇಂದಿನ ಅಧ್ಯಯನದಲ್ಲಿ ನಾವು ನೋಡಬೇಕಾದ ವಿಷಯಕ್ಕೆ ಇದೇ ಬುನಾದಿ.

ಪ್ರಾಯ ಮೀರಿದ ಮೇಲೆ ತಾಯಿಯಾಗುವುದು ನಾಚಿಕೆಯ ವಿಷಯವೂ ಅಲ್ಲ. ಮುಪ್ಪಿನಲ್ಲಿ ಹಝ್ರತ್ ಇಬ್ರಾಹೀಮ್(ಅ)ರ ಪತ್ನಿಗೆ ಇಸ್ಹಾಕ್(ಅ)ರ ಶುಭವಾರ್ತೆ ಸಿಕ್ಕಿತು (11:71-73). ಹಝ್ರತ್ ಝಕರಿಯ್ಯಾ(ಅ)ರ ಪತ್ನಿಯನ್ನು ಅಲ್ಲಾಹನು ಯೋಗ್ಯಳನ್ನಾಗಿ ಮಾಡಿ ಯಹ್ಯಾ(ಅ)ರನ್ನು ಕರುಣಿಸಿದನು (21:90). ಆದುದರಿಂದ ನಲವತ್ತರ ಹೊಸ್ತಿಲಲ್ಲಿ ಬಸುರಿಯಾದ ಸಹೋದರಿಯನ್ನು ಕಂಡು ನಗುವವರು ತಮ್ಮ ನಾಲಗೆಯ ಬಗ್ಗೆ ಅಲ್ಲಾಹನನ್ನು ಭಯಪಡಬೇಕು. ಆ ನಗುವಿಗೆ ಹೆದರಿ ಎಷ್ಟೋ ತಾಯಂದಿರು ಐದಾರು ತಿಂಗಳು ಯಾರಿಗೂ ಹೇಳದೆ, ತಪಾಸಣೆಗೂ ಹೋಗದೆ ಕಳೆಯುತ್ತಾರೆ. ಅವರಿಗೆ ಅತ್ಯಂತ ಅಗತ್ಯವಾದ ತಿಂಗಳುಗಳು ಹೀಗೆ ಕೈತಪ್ಪುತ್ತವೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ಗೋವಾ ಗಡಿಗೆ ಹತ್ತಿಕೊಂಡಿರುವ ಊರು ಕಣಕುಂಬಿ. ಮಲಪ್ರಭೆ ಹುಟ್ಟುವುದು ಇಲ್ಲಿಯೇ. ಜಾಂಬೋಟಿಯಿಂದ ಸುಮಾರು 16 ಕಿಲೋಮೀಟರ್, ಬೆಳಗಾವಿಯಿಂದ 40 ಕಿಲೋಮೀಟರಿಗಿಂತ ಹೆಚ್ಚು. ಮಳೆಗಾಲ ಬಂತೆಂದರೆ ಸಹ್ಯಾದ್ರಿಯ ಮಳೆ ದಿನಗಟ್ಟಲೆ ಬಿಡುವು ಕೊಡುವುದಿಲ್ಲ. ತಾಲೂಕಿನ ದಟ್ಟ ಕಾಡಿನ ಹಳ್ಳಿಗಳಿಂದ ರೋಗಿಗಳನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತರುವ ಸುದ್ದಿ 2024ರ ಮಳೆಗಾಲದಲ್ಲಿಯೂ ಬಂದಿತ್ತು.

ಇಂತಹ ಊರಿನ ಒಂದು ಮನೆಯಲ್ಲಿ 39 ವರ್ಷದ ತಾಯಿಯೊಬ್ಬಳು ಜುಲೈ ತಿಂಗಳಲ್ಲಿ ಎಂಟು ತುಂಬಿದ ಬಸುರಿ ಎಂದು ಭಾವಿಸೋಣ. ಗಂಡ ಗೋವಾದಲ್ಲಿ ದುಡಿಯುತ್ತಾನೆ. ಅತ್ತೆ ಹೇಳುತ್ತಾರೆ: "ನಾನು ಆರು ಮಕ್ಕಳನ್ನು ಇದೇ ಮನೆಯಲ್ಲಿ ಹೆತ್ತೆ, ಅಲ್ಲಾಹ್ ಕಾಪಾಡಿದ. ಆಸ್ಪತ್ರೆಗೆ ಹೋದರೆ ಹೊಟ್ಟೆ ಕೊಯ್ದೇ ಕಳಿಸುತ್ತಾರೆ." ಪಟ್ಟಣದಲ್ಲಿರುವ ತಂಗಿ ಫೋನಿನಲ್ಲಿ ಹೇಳುತ್ತಾಳೆ: "ಈ ವಯಸ್ಸಿಗೆ ನೋವು ತಿನ್ನುವುದೇಕೆ? ದಿನ ನೋಡಿ ಸಿಸೇರಿಯನ್ ಮಾಡಿಸಿಕೋ." ಒಬ್ಬರ ಮಾತಿನಲ್ಲಿ ಆಸ್ಪತ್ರೆಯ ಭಯ, ಇನ್ನೊಬ್ಬರ ಮಾತಿನಲ್ಲಿ ನೋವಿನ ಭಯ. ಇಬ್ಬರಿಗೂ ಆಕೆಯ ಮೇಲೆ ಪ್ರೀತಿಯಿದೆ. ಆದರೆ ಭಯದಿಂದ ಹುಟ್ಟಿದ ತೀರ್ಮಾನ ಪ್ರೀತಿಯದಾದರೂ ಸರಿಯಾಗಿಯೇ ಇರುತ್ತದೆಂದು ಹೇಳಲಾಗದು.

ಪ್ರಾಯದಿಂದ ಆಗುವುದೇನು?

35 ವರ್ಷ ದಾಟಿದ ಬಸುರಿಯನ್ನು ವೈದ್ಯರು ಹೆಚ್ಚು ಗಮನದಿಂದ ನೋಡುತ್ತಾರೆ. ಅದಕ್ಕೆ ಕಾರಣಗಳಿವೆ. ರಕ್ತದೊತ್ತಡ ಏರುವುದು, ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದು, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂರುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಈ ವಯಸ್ಸಿನಲ್ಲಿ ಹೆಚ್ಚು. ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವ 35ರ ತಾಯಿಗೆ ಸುಮಾರು 350ರಲ್ಲಿ ಒಂದು, 40ರ ತಾಯಿಗೆ ಸುಮಾರು 100ರಲ್ಲಿ ಒಂದು. ಹೊಟ್ಟೆಯೊಳಗೇ ಮಗು ತೀರಿಕೊಳ್ಳುವ ಅಪಾಯವೂ ಕೊನೆಯ ವಾರಗಳಲ್ಲಿ ಬೇಗ ಏರುತ್ತದೆ. ನಲವತ್ತು ದಾಟಿದ ತಾಯಿಗೆ 39ನೆಯ ವಾರದಲ್ಲಿರುವ ಅಪಾಯ ಇಪ್ಪತ್ತರ ಹರೆಯದ ತಾಯಿಗೆ 41ನೆಯ ವಾರದಲ್ಲಿ ಇರುವಷ್ಟಿದೆ ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ದಿನ ಮೀರಿ ಕಾಯಬೇಡಿ ಎಂದು ಅವರು ಹೇಳುವುದು ಇದಕ್ಕಾಗಿ. ಹಲವು ಹೆರಿಗೆಗಳಾದ ತಾಯಿಗೆ ಗರ್ಭಕೋಶ ಸಡಿಲಗೊಂಡು, ಮಗು ಹುಟ್ಟಿದ ಮೇಲೆ ಬಿಗಿಯದೆ ರಕ್ತ ಹರಿಯುವ ಅಪಾಯವೂ ಉಂಟು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅಪಾಯ ಹೆಚ್ಚು ಎಂದರೆ ಕೆಡುಕು ಖಚಿತ ಎಂದಲ್ಲ. 100ರಲ್ಲಿ ಒಂದು ಎಂದರೆ ಉಳಿದ 99 ಮಕ್ಕಳಿಗೆ ಆ ತೊಂದರೆಯಿಲ್ಲ. ರಕ್ತದೊತ್ತಡ, ಸಕ್ಕರೆ ಸರಿಯಿದ್ದು, ಮಗುವಿನ ತಲೆ ಕೆಳಗಿದ್ದು, ಹಿಂದಿನ ಹೆರಿಗೆಗಳು ಸಲೀಸಾಗಿದ್ದರೆ ನಲವತ್ತರ ತಾಯಿಯೂ ಸಹಜವಾಗಿ ಹೆರಬಲ್ಲಳು, ಹೆರುತ್ತಲೂ ಇದ್ದಾಳೆ. ಪ್ರಾಯವೊಂದೇ ಹೊಟ್ಟೆ ಕೊಯ್ಯಲು ಕಾರಣವಲ್ಲ. ಪ್ರಾಯವು ಹೆಚ್ಚಿನ ಎಚ್ಚರಕ್ಕೆ ಮಾತ್ರ ಕಾರಣ.

ಮೊದಲ ತಪ್ಪು: ಆಸ್ಪತ್ರೆಯನ್ನು ತವಕ್ಕುಲ್‌ಗೆ ವಿರುದ್ಧವೆಂದು ತಿಳಿಯುವುದು

2025ರ ಏಪ್ರಿಲ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಮನೆಯಲ್ಲೇ ಹೆತ್ತ ಮುಸ್ಲಿಮ್ ತಾಯಿಯೊಬ್ಬರು ರಕ್ತಸ್ರಾವದಿಂದ ತೀರಿಕೊಂಡರು. ಪೊಲೀಸರು ಅವರ ಪತಿಯನ್ನು ಬಂಧಿಸಿದರು. ಆ ಸುದ್ದಿ ಓದಿದ ಪ್ರತಿಯೊಬ್ಬ ಮುಸಲ್ಮಾನನ ಮನಸ್ಸು ಕಲಕಬೇಕು. ಮರಣದ ವೇಳೆ ಅಲ್ಲಾಹನ ಕೈಯಲ್ಲಿದೆ, ನಿಜ. ಆದರೆ ಆ ನಂಬಿಕೆಯನ್ನು ನಮ್ಮ ಉದಾಸೀನಕ್ಕೆ ಹೊದಿಕೆಯಾಗಿಸಲು ನಮಗೆ ಹಕ್ಕಿಲ್ಲ.

ಒಂಟೆಯನ್ನು ಕಟ್ಟದೆ ಬಿಟ್ಟು ಭರವಸೆಯಿಡಲೇ ಎಂದು ಕೇಳಿದವನಿಗೆ ಪ್ರವಾದಿ(ಸ) ಮೊದಲು ಕಟ್ಟಲು, ಬಳಿಕ ಭರವಸೆಯಿಡಲು ಹೇಳಿದರೆಂದು ತಿರ್ಮಿದಿಯಲ್ಲಿದೆ. ಅಲ್ಲಾಹನ ದಾಸರು ಚಿಕಿತ್ಸೆ ಪಡೆಯಬೇಕು, ಮುಪ್ಪೊಂದನ್ನು ಬಿಟ್ಟು ಮದ್ದಿಲ್ಲದ ರೋಗವನ್ನು ಅವನು ಇಟ್ಟಿಲ್ಲ ಎಂಬ ಉಪದೇಶ ಅಬೂದಾವೂದ್‌ನಲ್ಲಿದೆ. ಅಬೂದಾವೂದ್‌ನ ಇನ್ನೊಂದು ಘಟನೆಯಂತೂ ಮೈ ನಡುಗಿಸುತ್ತದೆ. ಪ್ರಯಾಣದಲ್ಲಿ ಒಬ್ಬನ ತಲೆಗೆ ಕಲ್ಲೇಟು ಬಿದ್ದು ಗಾಯವಾಗಿತ್ತು. ಅವನಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್‌ಗೆ ರಿಯಾಯಿತಿ ಇದೆಯೇ ಎಂದು ಕೇಳಿದಾಗ ಜೊತೆಗಾರರು ಇಲ್ಲವೆಂದರು. ಅವನು ಸ್ನಾನ ಮಾಡಿ ಪ್ರಾಣ ಬಿಟ್ಟ. ವಿಷಯ ತಿಳಿದ ಪ್ರವಾದಿ(ಸ) ಆತನನ್ನು ಕೊಂದವರು ಆ ಜೊತೆಗಾರರೇ ಎಂದು ಕಟುವಾಗಿ ಖಂಡಿಸಿದರು. ಗೊತ್ತಿಲ್ಲದಿದ್ದಾಗ ಕೇಳಬಾರದಿತ್ತೇ, ಅಜ್ಞಾನಕ್ಕೆ ಕೇಳುವುದೇ ಮದ್ದು ಎಂದರು. ಧರ್ಮದ ಹೆಸರಿನಲ್ಲಿ ತಿಳಿಯದೆ ಕೊಟ್ಟ ಸಲಹೆ ಪ್ರಾಣ ತೆಗೆಯಬಲ್ಲದು. ಬಸುರಿಗೆ ಸಲಹೆ ಕೊಡುವ ಅತ್ತೆ, ನಾದಿನಿ, ನೆರೆಮನೆಯವರು, ಊರಿನ ಹಿರಿಯರು ಎಲ್ಲರೂ ಈ ಘಟನೆಯನ್ನು ನೆನಪಿಡಬೇಕು.

ರಕ್ತಸ್ರಾವದ ಬಗ್ಗೆ ನಮ್ಮ ಬೆಳಗಾವಿ ಜಿಲ್ಲೆಯೇ ಜಗತ್ತಿಗೆ ಪಾಠ ಹೇಳಿಕೊಟ್ಟಿದೆ. 2002ರಿಂದ 2005ರವರೆಗೆ ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ 1620 ತಾಯಂದಿರ ಅಧ್ಯಯನ ನಡೆಸಿದರು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ನರ್ಸಮ್ಮನವರು ಮಾಡಿಸುವ ಹೆರಿಗೆಗಳವು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ತಾಯಂದಿರಿಗೆ ಮಿಸೋಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಡಲಾಯಿತು. ಔಷಧವಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವವಾಯಿತು, ಔಷಧ ಪಡೆದವರಲ್ಲಿ ನೂರಕ್ಕೆ 6.4 ಮಂದಿಗೆ ಮಾತ್ರ. 2006ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಗಾಗಿ ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇದರಿಂದ ಎರಡು ವಿಷಯ ಕಲಿಯಬೇಕು. ಒಂದು, ಸಹಜ ಹೆರಿಗೆಯಾದ ಆರೋಗ್ಯವಂತ ತಾಯಂದಿರಲ್ಲಿಯೂ ಎಂಟರಲ್ಲಿ ಒಬ್ಬರಿಗೆ ಸುಮಾರಾಗಿ ರಕ್ತ ಹೆಚ್ಚು ಹೋಯಿತು. ಯಾರಿಗೆ ಹೋಗುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ಎರಡು, ಒಂದು ಸಣ್ಣ ವೈದ್ಯಕೀಯ ನೆರವು ಆ ಅಪಾಯವನ್ನು ಅರ್ಧಕ್ಕೆ ಇಳಿಸಿತು. ಅಲ್ಲಿ ಕೊಯ್ಯುವುದೂ ಇರಲಿಲ್ಲ, ಹೊಲಿಯುವುದೂ ಇರಲಿಲ್ಲ. ಆದುದರಿಂದ ಸಹಜ ಹೆರಿಗೆ ಬೇರೆ, ನೆರವಿಲ್ಲದ ಹೆರಿಗೆ ಬೇರೆ. ಜೊತೆಗೊಂದು ಎಚ್ಚರಿಕೆ: ಈ ಮಾತ್ರೆಯನ್ನು ಹೆರಿಗೆಗೆ ಮುಂಚೆ ತಾವಾಗಿಯೇ ನುಂಗಿದರೆ ಗರ್ಭಕೋಶವೇ ಒಡೆಯಬಹುದು. ಅದನ್ನು ಕೊಡುವುದು ತಿಳಿದವರ ಕೆಲಸ.

ಎರಡನೆಯ ತಪ್ಪು: ಅಗತ್ಯವಿಲ್ಲದೆ ಕೊಯ್ಸಿಕೊಳ್ಳುವುದು

ಅತ್ತೆಯ ಭಯವೂ ಆಧಾರವಿಲ್ಲದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 21.5 ಹೆರಿಗೆಗಳು ಸಿಸೇರಿಯನ್. ಸರಕಾರಿ ಆಸ್ಪತ್ರೆಗಳಲ್ಲಿ ಇದು 14.3 ಇದ್ದರೆ ಖಾಸಗಿಯಲ್ಲಿ 47.4. ತಾಯಂದಿರ ದೇಹ ಒಂದೇ ಆಗಿರುವಾಗ ಬಾಗಿಲು ಬದಲಾದರೆ ಲೆಕ್ಕ ಮೂರು ಪಟ್ಟು ಏಕಾಗಬೇಕು? ತೊಡಕಿನ ಬಸಿರುಗಳು ಖಾಸಗಿಗೆ ಹೋಗುತ್ತವೆ ಎಂಬುದರಿಂದ ಮಾತ್ರ ಇಷ್ಟು ದೊಡ್ಡ ಅಂತರವನ್ನು ವಿವರಿಸಲಾಗದು. ಸರಕಾರಿ ಆಸ್ಪತ್ರೆಗೇ ಹೆಚ್ಚಾಗಿ ಬಡವರ, ರಕ್ತಹೀನತೆಯ ತಾಯಂದಿರು ಹೋಗುತ್ತಾರೆ. ಸಿಸೇರಿಯನ್ ಪ್ರಮಾಣವು ನೂರಕ್ಕೆ ಹತ್ತನ್ನು ದಾಟಿದ ಮೇಲೆ ಅದರಿಂದ ತಾಯಿ-ಮಗುವಿನ ಮರಣ ಇಳಿದುದು ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ.

ಶಸ್ತ್ರಕ್ರಿಯೆಗೆ ಬೆಲೆಯಿದೆ. ಸೋಂಕು, ಹೆಚ್ಚು ರಕ್ತನಷ್ಟ, ನಿಧಾನದ ಚೇತರಿಕೆ ಇವು ಮೊದಲನೆಯವು. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಮೇಲೆ ಬೇರೂರಿ ಬಿಡದೆ ಹೋಗಬಹುದು. ಕೊಯ್ತ ಹೆಚ್ಚಿದಂತೆ ಈ ಅಪಾಯವೂ ಹೆಚ್ಚುತ್ತದೆ. ಹಾನಿ ಮಾಡಲೂಬಾರದು, ಹಾನಿಗೆ ಹಾನಿ ಎಂಬುದೂ ಸಲ್ಲದು ಎಂಬ ಪ್ರವಾದಿವಚನವು (ಇಬ್ನುಮಾಜಃ) ಇಲ್ಲಿಯೂ ಅನ್ವಯಿಸುತ್ತದೆ. ಬೇಕಾದ ತಾರೀಕಿಗೆ ಮಗು ಹುಟ್ಟಲಿ, ನೋವೇ ಬೇಡ ಎಂಬ ಕಾರಣಗಳಿಗೆ ಅಲ್ಲಾಹನು ಕೊಟ್ಟ ಶರೀರವನ್ನು ಕೊಯ್ಸುವುದು ಈ ಅಮಾನತ್‌ಗೆ ಸಲ್ಲುವ ಗೌರವವಲ್ಲ.

ಆದರೆ ಅಗತ್ಯ ಬಿದ್ದಾಗ ಹಿಂಜರಿಯುವುದು ಅದಕ್ಕಿಂತಲೂ ದೊಡ್ಡ ತಪ್ಪು. ಮಾಸು ದಾರಿಗೆ ಅಡ್ಡವಾಗಿದೆ, ಮಗು ಅಡ್ಡ ಮಲಗಿದೆ, ಹೊಕ್ಕುಳಬಳ್ಳಿ ಮೊದಲು ಜಾರಿದೆ, ಮಗುವಿನ ಎದೆಬಡಿತ ಕುಸಿಯುತ್ತಿದೆ, ಹೆರಿಗೆ ನಿಂತುಹೋಗಿದೆ ಎಂದಾದರೆ ಸಿಸೇರಿಯನ್ ಎರಡು ಪ್ರಾಣಗಳನ್ನು ಉಳಿಸುವ ಸಾಧನ. ಒಂದು ಜೀವವನ್ನು ಉಳಿಸುವುದು ಇಡೀ ಮಾನವಕುಲವನ್ನು ಉಳಿಸಿದುದಕ್ಕೆ ಸಮಾನವೆಂದು ಕುರ್‌ಆನ್ ಕಲಿಸಿದೆ (5:32). ಮೃತ ತಾಯಿಯ ಹೊಟ್ಟೆಯಲ್ಲಿ ಜೀವಂತ ಮಗುವಿದ್ದರೆ ಹೊಟ್ಟೆ ಕೊಯ್ದು ಅದನ್ನು ಉಳಿಸಬಹುದೆಂದು ಹನಫೀ ಮತ್ತು ಶಾಫಿಈ ಫಿಕ್ಹ್ ವಿದ್ವಾಂಸರು ಶತಮಾನಗಳ ಹಿಂದೆಯೇ ತೀರ್ಪಿತ್ತಿದ್ದಾರೆ. ಹೀಗಿರುವಾಗ ಜೀವಂತ ತಾಯಿಯನ್ನೂ ಮಗುವನ್ನೂ ಉಳಿಸುವ ಶಸ್ತ್ರಕ್ರಿಯೆಯ ಬಗ್ಗೆ ಸಂಶಯಕ್ಕೆ ಎಡೆಯೆಲ್ಲಿ?

ನಡುವಿನ ದಾರಿಗಳು

ಆಯ್ಕೆ ಎರಡೇ ಎಂದು ಭಾವಿಸುವುದರಿಂದಲೇ ಗೊಂದಲ. ನಡುವೆ ಹಲವು ದಾರಿಗಳಿವೆ.

ಮೊದಲನೆಯದು, ಆಸ್ಪತ್ರೆಯಲ್ಲಿಯೇ ಸಹಜ ಹೆರಿಗೆ. ನೋವಿನ ಹೊತ್ತಿನಲ್ಲಿ ತನಗೆ ಬೇಕಾದ ಒಬ್ಬರು ಪಕ್ಕದಲ್ಲಿರುವುದು, ನಡೆದಾಡುವುದು, ನೀರು-ಆಹಾರ ಸೇವಿಸುವುದು, ಅನುಕೂಲವಾದ ಭಂಗಿಯಲ್ಲಿ ಹೆರುವುದು, ಎಲ್ಲರಿಗೂ ಕಡ್ಡಾಯವೆಂಬಂತೆ ಕೆಳಗೆ ಕೊಯ್ಯದಿರುವುದು, ಇವೆಲ್ಲ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಸೂಚನೆಗಳಲ್ಲಿವೆ. ಮರ್ಯಮ್(ಅ)ರಿಗೆ ಸಿಕ್ಕಿದ ಸಾಂತ್ವನ, ನೀರು, ಹಣ್ಣು ಇಲ್ಲಿ ನೆನಪಾಗದಿರದು. ಹಳೆಯ ಸೂಲಗಿತ್ತಿಯರಲ್ಲಿದ್ದ ಒಳ್ಳೆಯದು ಇದೇ. ಅದನ್ನು ಆಸ್ಪತ್ರೆಯಲ್ಲಿ ಕೇಳಿ ಪಡೆಯೋಣ.

ಎರಡನೆಯದು, ದಿನ ಮೀರುವ ಮೊದಲು ಔಷಧದಿಂದ ನೋವು ಬರಿಸುವುದು. ಇದರಿಂದ ಕೊನೆಗೆ ಸಿಸೇರಿಯನ್ನೇ ಆಗುತ್ತದೆಂಬ ಮಾತು ಸಾಮಾನ್ಯ. ಬ್ರಿಟನ್ನಿನಲ್ಲಿ ಮೊದಲ ಬಾರಿ ಹೆರುವ, 35 ದಾಟಿದ 619 ತಾಯಂದಿರ ಮೇಲೆ ಇದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. 39ನೆಯ ವಾರದಲ್ಲಿ ನೋವು ಬರಿಸಿದವರಲ್ಲಿ ನೂರಕ್ಕೆ 32, ಕಾದವರಲ್ಲಿ ನೂರಕ್ಕೆ 33 ಮಂದಿಗೆ ಸಿಸೇರಿಯನ್ ಆಯಿತು. ಅಂದರೆ ವ್ಯತ್ಯಾಸವೇ ಇಲ್ಲ.

ಮೂರನೆಯದು, ಹಿಂದೆ ಒಮ್ಮೆ ಸಿಸೇರಿಯನ್ ಆದವರಿಗೂ ಸಹಜ ಹೆರಿಗೆಯ ಪ್ರಯತ್ನ. ತಕ್ಕವರನ್ನು ಆರಿಸಿದರೆ ನಾಲ್ವರಲ್ಲಿ ಸುಮಾರು ಮೂವರಿಗೆ ಇದು ಫಲಿಸುತ್ತದೆ. ಆದರೆ ಇನ್ನೂರರಲ್ಲಿ ಒಬ್ಬರಿಗೆ ಹಳೆಯ ಗಾಯ ಒಡೆಯಬಹುದಾದ್ದರಿಂದ, ಕೂಡಲೇ ಶಸ್ತ್ರಕ್ರಿಯೆ ಮಾಡಬಲ್ಲ ಆಸ್ಪತ್ರೆಯಲ್ಲಿ ಮಾತ್ರ ಇದಕ್ಕೆ ಒಪ್ಪಬೇಕು.

ಪರ್ದಾ, ಅನುಮತಿ, ಖರ್ಚು

ಲೇಡಿ ಡಾಕ್ಟರ್ ಇಲ್ಲವೆಂಬ ಕಾರಣಕ್ಕೆ ತಾಯಿಯನ್ನು ಮನೆಯಲ್ಲೇ ಉಳಿಸುವವರಿದ್ದಾರೆ. 1993ರಲ್ಲಿ ಬ್ರೂನೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಇದಕ್ಕೆ ಕ್ರಮವನ್ನು ತಿಳಿಸಿದೆ: ಮೊದಲು ಮುಸ್ಲಿಮ್ ವೈದ್ಯೆ, ಅವರಿಲ್ಲದಿದ್ದರೆ ಮುಸ್ಲಿಮೇತರ ವೈದ್ಯೆ, ಅವರೂ ಇಲ್ಲದಿದ್ದರೆ ಮುಸ್ಲಿಮ್ ವೈದ್ಯ, ಕೊನೆಗೆ ಮುಸ್ಲಿಮೇತರ ವೈದ್ಯ. ಅಗತ್ಯವಿದ್ದಷ್ಟೇ ನೋಡುವುದು, ಪತಿಯೋ ಮಹ್ರಮೋ ನಂಬಿಕಸ್ಥ ಸ್ತ್ರೀಯೋ ಜೊತೆಗಿರುವುದು, ಇವು ಷರತ್ತುಗಳು. ಬಾಗಿಲು ತೆರೆದೇ ಇದೆ.

ಅದೇ ಅಕಾಡೆಮಿ 1992ರಲ್ಲಿ ಜಿದ್ದಾದಲ್ಲಿ, ಚಿಕಿತ್ಸೆ ಬಿಟ್ಟರೆ ಪ್ರಾಣ ಹೋಗುವಂತಿದ್ದರೆ ಚಿಕಿತ್ಸೆ ಕಡ್ಡಾಯವೆಂದು ನಿರ್ಣಯಿಸಿತು. ಬುದ್ಧಿ ಬಲಿತ ರೋಗಿಯ ಒಪ್ಪಿಗೆ ರೋಗಿಯದೇ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಯಾರ ಅನುಮತಿಗೂ ಕಾಯಬೇಕಾಗಿಲ್ಲ. ಗೋವಾದಲ್ಲಿರುವ ಗಂಡನ ಫೋನ್ ಸಿಗಲಿಲ್ಲವೆಂದು ಕಣಕುಂಬಿಯಲ್ಲಿ ರಕ್ತ ಹರಿಯುವ ತಾಯಿಯನ್ನು ಮಲಗಿಸಿಡುವುದು ಯಾವ ಧರ್ಮವೂ ಅಲ್ಲ. ಪತಿಯು ಮುಂಚೆಯೇ, ನಾನಿಲ್ಲದಿದ್ದರೂ ಹೊರಡಿ ಎಂದು ಎಲ್ಲರೆದುರು ಹೇಳಿಡಬೇಕು.

ಖರ್ಚಿನ ಹೊಣೆ ಪತಿಯದು. ವಿಚ್ಛೇದಿತಳಾದರೂ ಬಸುರಿಯಾಗಿದ್ದರೆ ಹೆರಿಗೆಯಾಗುವ ತನಕ ಅವಳಿಗೆ ಖರ್ಚು ಮಾಡಬೇಕೆಂದು ಸೂರಃ ಅತ್ತಲಾಕ್ (65:6) ವಿಧಿಸುವಾಗ, ಮನೆಯಲ್ಲಿರುವ ಪತ್ನಿಯ ಬಗ್ಗೆ ಹೇಳಬೇಕೇ? 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ವಾಹನ ಉಚಿತ. ಇದು ನಮ್ಮ ಹಕ್ಕು.

ಮಾಡಬೇಕಾದುದು

1. ಬಸಿರು ತಿಳಿದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಬೇಕು. ಪ್ರತಿ ತಿಂಗಳ 9ರಂದು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರಿಗೆ ಉಚಿತ ವೈದ್ಯರ ತಪಾಸಣೆಯಿದೆ. ರಕ್ತದೊತ್ತಡ, ಸಕ್ಕರೆ, ರಕ್ತಹೀನತೆ, ಮಾಸು ಇರುವ ಜಾಗ ಇವನ್ನು ತಪ್ಪದೆ ನೋಡಿಸಬೇಕು.

2. ಸಿಸೇರಿಯನ್ ಎಂದರೆ ಕೇಳಬೇಕಾದ ಪ್ರಶ್ನೆಗಳು: ಕಾರಣವೇನು? ಈಗಲೇ ಬೇಕೇ, ಕಾಯಬಹುದೇ? ಕಾದರೆ ಅಪಾಯವೇನು? ನೋವು ಬರಿಸಿ ನೋಡಬಹುದೇ? ಒಳ್ಳೆಯ ವೈದ್ಯರು ಉತ್ತರಿಸಲು ಬೇಸರಿಸುವುದಿಲ್ಲ. ಸಮಯವಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳಬೇಕು. ತುರ್ತಿದ್ದರೆ ವಾದಕ್ಕೆ ನಿಲ್ಲಬಾರದು.

3. ಕಾಡಂಚಿನ ಊರಿನವರು, ವಿಶೇಷವಾಗಿ ಮಳೆಗಾಲದಲ್ಲಿ, ದಿನ ತುಂಬುವ ಒಂದೆರಡು ವಾರ ಮೊದಲೇ ಖಾನಾಪುರ ಅಥವಾ ಬೆಳಗಾವಿಯ ಬಂಧುಗಳ ಮನೆಗೆ ಬರಬೇಕು. ರಕ್ತ ಕೊಡಬಲ್ಲ ಇಬ್ಬರನ್ನು ಗೊತ್ತು ಮಾಡಿಡಬೇಕು. 108ರ ಜೊತೆಗೆ ಊರಿನ ಒಂದು ವಾಹನವನ್ನೂ ಹೇಳಿಡಬೇಕು.

4. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತ ಕಾಣುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು ಕಂಡರೆ ಬೆಳಗಾಗಲೆಂದು ಕಾಯದೆ ಹೊರಡಬೇಕು.

5. ಸಿಸೇರಿಯನ್ ಆದವರಿಗೂ ಗರ್ಭಕೋಶದ ರಕ್ತವಿರುವ ತನಕ ನಿಫಾಸ್‌ನ ವಿಧಿಯೇ. ಅದರ ಗರಿಷ್ಠ ಮಿತಿ ಹನಫೀಗಳಲ್ಲಿ 40, ಶಾಫಿಈಗಳಲ್ಲಿ 60 ದಿನ. ಮೊದಲೇ ನಿಂತರೆ ಸ್ನಾನ ಮಾಡಿ ನಮಾಝ್ ಆರಂಭಿಸಬೇಕು. ಗಾಯಕ್ಕೆ ನೀರು ಹಾನಿಕರವೆಂದು ವೈದ್ಯರು ಹೇಳಿದರೆ ಏನು ಮಾಡಬೇಕೆಂದು ಆಲಿಮರಲ್ಲಿ ಕೇಳಬೇಕು. ಕಲ್ಲೇಟು ತಿಂದ ಆ ಪ್ರಯಾಣಿಕನ ಪಾಠವನ್ನು ಮರೆಯಬಾರದು.

ಕೊನೆಯ ಮಾತು

ಸಿಸೇರಿಯನ್ ಆದ ತಾಯಿ ಕಡಿಮೆ ತಾಯಿಯಲ್ಲ. ನೋವು ತಿನ್ನದೆ ಹೆತ್ತಳೆಂದು ಅವಳನ್ನು ಹಂಗಿಸುವವರು, ಹೊಟ್ಟೆಯ ಹೊಲಿಗೆಯೊಂದಿಗೆ ಮಗುವನ್ನೆತ್ತಿ ಹಾಲೂಡಿಸುವ ನೋವನ್ನು ಕಂಡಿಲ್ಲ. ಸಹಜವಾಗಿ ಹೆತ್ತವಳಿಗೂ ಅದು ಜಂಬದ ವಿಷಯವಲ್ಲ, ಶುಕ್ರ್‌ನ ವಿಷಯ. ಎಲ್ಲ ಎಚ್ಚರ ವಹಿಸಿದ ಮೇಲೆಯೂ ಹೆರಿಗೆಯಲ್ಲಿ ತೀರಿಕೊಂಡ ತಾಯಿಗೆ ಹುತಾತ್ಮೆಯ ಪದವಿಯ ಶುಭವಾರ್ತೆ ಹದೀಸ್‌ನಲ್ಲಿದೆ. ಅದು ಅಗಲಿದವಳಿಗೆ ಸಿಗುವ ಗೌರವ. ಉಳಿದವರ ನಿರ್ಲಕ್ಷ್ಯಕ್ಕೆ ಅದು ಕ್ಷಮಾಪತ್ರವಲ್ಲ.

ನಾವು ಊಹಿಸಿಕೊಂಡ ಆ ಮನೆಗೆ ಮರಳೋಣ. ಅತ್ತೆ ಸೊಸೆಯ ಜೊತೆ ಬೆಳಗಾವಿಗೆ ಹೊರಡಲಿ. ಆರು ಹೆತ್ತ ಆ ಕೈ ನೋವಿನ ಹೊತ್ತಿನಲ್ಲಿ ಸೊಸೆಯ ಬೆನ್ನು ನೀವಲಿ. ತಂಗಿ ತನ್ನ ಮನೆಯಲ್ಲಿ ಎರಡು ವಾರ ಜಾಗ ಕೊಡಲಿ. ಗಂಡ ದುಡ್ಡು ಕಳುಹಿಸಿ, ಸಾಧ್ಯವಾದರೆ ತಾನೂ ಬರಲಿ. ವೈದ್ಯರು ತಮ್ಮ ವಿದ್ಯೆಯನ್ನು ಪ್ರಾಮಾಣಿಕವಾಗಿ ಬಳಸಲಿ. ಮರ ಅಲುಗಿಸುವ ಕೆಲಸ ಇಷ್ಟೇ. ಹಣ್ಣು ಉದುರಿಸುವವನು ಅಲ್ಲಾಹನು.

ನಮ್ಮ ತಾಯಂದಿರ ಭಾರವನ್ನು ಅಲ್ಲಾಹನು ಹಗುರಗೊಳಿಸಲಿ, ಅವರ ಮಡಿಲಿಗೆ ಆರೋಗ್ಯವಂತ, ಸಜ್ಜನ ಸಂತಾನವನ್ನು ಕರುಣಿಸಲಿ. ಆಮೀನ್.